ತಂಗಿಯ ಹೆಸರು, ಮನೆ ನಂಬರ್, ಡಿಡಿ ನಂಬರ್

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಚಿಕ್ಕಮ್ಮ ಫೋನ್ ಮಾಡಿದರು. ತಂಗಿಗೆ ಎರಡನೇ ಸಂಬಂಧ ನೋಡುತ್ತಿದ್ದೆವು, ಒಂದು ಕಡೆ ಅವರೇ ಮುಂದೆ ನಿಂತು ಮಾತಾಡಿದ್ದರು. ಡೈವೋರ್ಸ್ ಆಗಿರೋದನ್ನ ಮೊದಲ ದಿನವೇ ಹೇಳಿದ್ದೆವು. "ಹುಡುಗನ ಕಡೆಯವರು ನೆಟ್ಟಲ್ಲಿ ಏನೋ ಓದಿದಾರಂತೆ ಕಣೇ, ಕೋರ್ಟಿಂದು" ಅಂದು ಸುಮ್ಮನಾದರು.

ತಂಗಿಯ ಹೆಸರಿನ ಜೊತೆ ಅಪ್ಪನ ಹೆಸರು ಹಾಕಿ ಹುಡುಕಿದೆ. ಮೂರನೆಯದಾಗಿ ಬಂತು. ಕೋರ್ಟ್ ಆದೇಶಗಳನ್ನು ತಂದು ಹಾಕುವ ಒಂದು ಖಾಸಗಿ ಸೈಟು. ಮೇಲೆಯೇ ಅವಳ ಹೆಸರು, ಇಂಥವರ ಮಗಳು, ವಯಸ್ಸು ಸುಮಾರು 29, ಮನೆ ನಂಬರ್, ಎಷ್ಟನೇ ಕ್ರಾಸ್, ಯಾವ ದೇವಸ್ಥಾನದ ಹತ್ತಿರ. ಕೆಳಗೆ ರಾಜಿಯಾದಾಗ ಎರಡೂ ಕಡೆಯವರು ಬರೆದುಕೊಟ್ಟಿದ್ದ ಜಂಟಿ ಮೆಮೊ ಪೂರ್ತಿ ಇಳಿಸಿದ್ದರು. ಎಷ್ಟು ದುಡ್ಡು, ಎಷ್ಟು ಕಂತು, ಡಿಡಿ ನಂಬರ್, ಯಾವ ಬ್ಯಾಂಕಿನ ಯಾವ ಬ್ರಾಂಚು. ಅದಕ್ಕೂ ಮೊದಲು ಎರಡು ಪ್ಯಾರಾ, ಆ ಮನೆಯಲ್ಲಿ ಅವಳಿಗೆ ಏನೇನಾಯಿತು ಅಂತ. ಅಮ್ಮನ ಹತ್ತಿರ ಕೂಡ ಹೇಳಿಕೊಳ್ಳದೆ ಪೊಲೀಸ್ ದೂರಿನಲ್ಲಿ ಮಾತ್ರ ಬರೆಸಿದ್ದ ಮಾತುಗಳವು.

ಅಡುಗೆಮನೆಯಿಂದ ಬಂದ ಅಮ್ಮ ನನ್ನ ಮುಖ ನೋಡಿ ಫೋನ್ ಕಿತ್ತುಕೊಂಡರು. ಇಂಗ್ಲಿಷ್ ಓದೋಕೆ ಬರಲ್ಲ, ಆದರೆ ಅಂಕಿ ಗೊತ್ತಾಗುತ್ತಲ್ಲ. "ಇದು ನಮ್ಮ ಮನೆ ನಂಬರ್ ಅಲ್ವಾ?" ಅಂದರು.

ಸೋಮವಾರ ವಕೀಲರ ಆಫೀಸಿಗೆ ಹೋದೆ. ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಡೈವೋರ್ಸ್ ಕೇಸು ನಡೆಯುವಾಗ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿ ಕೇಳಿದ್ದರು, ಹಾಗಿದ್ದ ಮೇಲೆ ಇದು ಹೇಗೆ ಹೊರಗೆ ಬಂತು? ಮೇಡಂ ಸಮಾಧಾನವಾಗಿ ಬಿಡಿಸಿ ಹೇಳಿದರು. 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಮದುವೆ ಕೇಸಿನ ವಿಚಾರಣೆ ಗುಟ್ಟಾಗಿ ನಡೆಯಬೇಕು, ಅದರ ವಿಷಯ ಅಚ್ಚು ಹಾಕುವ ಹಾಗಿಲ್ಲ. ಆದರೆ ನಮ್ಮದು ರಾಜಿಯಾದ ಮೇಲೆ, ಗಂಡನ ಮೇಲಿದ್ದ 498ಎ ಕೇಸನ್ನು, ಅಂದರೆ ಹೆಂಡತಿಗೆ ಹಿಂಸೆ ಕೊಟ್ಟ ಕೇಸನ್ನು, ರದ್ದು ಮಾಡಿಸೋಕೆ ಮೇಲಿನ ಕೋರ್ಟಿಗೆ ಹಾಕಿದ ಕ್ರಿಮಿನಲ್ ಅರ್ಜಿ. ಅದು ಮದುವೆ ಕೇಸಿನ ಲೆಕ್ಕಕ್ಕೆ ಬರಲ್ಲ. ಅತ್ಯಾಚಾರದಂಥ ಕೇಸಿನಲ್ಲಿ ಹೆಣ್ಣುಮಗಳ ಹೆಸರು ಹೊರಗೆ ಹಾಕುವುದೇ ಅಪರಾಧ, 498ಎಗೆ ಆ ರಕ್ಷಣೆಯೂ ಇಲ್ಲ. ಅದೇ ಗಂಡ ಹೆಂಡತಿ, ಅದೇ ಜಗಳ, ಅದೇ ಕಣ್ಣೀರು. ಒಂದು ಕೋರ್ಟಲ್ಲಿ ಬಾಗಿಲು ಮುಚ್ಚಿ ಕೇಳಿದ್ದು ಇನ್ನೊಂದು ಕಡೆಯಿಂದ ಊರಿಗೆಲ್ಲ ಗೊತ್ತಾಯಿತು. ಇದು ಸರಿಯಲ್ಲ ಅಂತ ನನಗೆ ಆವತ್ತೂ ಅನಿಸಿತು, ಇವತ್ತೂ ಅನಿಸುತ್ತೆ.

ದಾರಿ ಇಲ್ಲವೇ ಅಂದರೆ ಇದೆ, ಅದೂ ನಮ್ಮ ಕರ್ನಾಟಕ ಹೈಕೋರ್ಟಿನದೇ. 2017ರ ಜನವರಿಯಲ್ಲಿ ಒಬ್ಬ ತಂದೆ ಇಂಥದ್ದೇ ಕಷ್ಟ ಹೇಳಿಕೊಂಡು ಹೋಗಿದ್ದರು. ಇಂಟರ್ನೆಟ್ಟಲ್ಲಿ ಹುಡುಕಿದಾಗ ಮಗಳ ಹೆಸರು ಬರದ ಹಾಗೆ ನೋಡಿಕೊಳ್ಳಿ ಅಂತ ಕೋರ್ಟ್ ತನ್ನ ಕಚೇರಿಗೆ, ಅಂದರೆ ರಿಜಿಸ್ಟ್ರಿಗೆ, ಹೇಳಿತು. ಸರ್ಟಿಫೈಡ್ ಕಾಪಿಯಲ್ಲಿ ಹೆಸರು ಹಾಗೇ ಇರುತ್ತೆ ಅಂತಲೂ ಹೇಳಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕೂಡ ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್. ಇದನ್ನೆಲ್ಲ ಹಿಡಿದುಕೊಂಡು ಅರ್ಜಿ ಹಾಕೋಣ ಅಂದರು ಮೇಡಂ.

ಅರ್ಜಿಗೆ ಅಂತ ಹಳೇ ಫೈಲ್ ತೆಗೆದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ತಂಗಿಯ ಆಧಾರ್ ಜೆರಾಕ್ಸ್, 12 ಅಂಕಿಯೂ ಪೂರ್ತಿ. ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲ ನಾನೇ ಓಡಿಹೋಗಿ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದು, ಒಂದು ಸಾಕು ಅಂದರೆ ಇರಲಿ ಅಂತ ಮೂರು. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಬಹುದು ಅಂತ ಆಗ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಕೋರ್ಟ್ ಮುಚ್ಚಿಟ್ಟುಕೊಳ್ಳಲಿ ಅಂತ ನಾನು ಹೇಳ್ತಿಲ್ಲ. ಜಡ್ಜ್ ಯಾಕೆ ಹಾಗೆ ತೀರ್ಮಾನ ಮಾಡಿದರು ಅನ್ನೋದು ಜನಕ್ಕೆ ಗೊತ್ತಾಗಲೇಬೇಕು, ನಾಳೆ ಇನ್ನೊಬ್ಬ ಹೆಣ್ಣುಮಗಳಿಗೆ ಅದೇ ಆಧಾರವಾಗಬಹುದು. ಆದರೆ ಅದಕ್ಕೆ ನಮ್ಮ ಕ್ರಾಸ್ ಯಾಕೆ ಬೇಕು, ಡಿಡಿ ನಂಬರ್ ಯಾಕೆ ಬೇಕು? ನೋಟಿಸ್ ಕಳಿಸೋಕೆ ವಿಳಾಸ ಬೇಕು, ಒಪ್ಪುತ್ತೇನೆ. ಅದು ಫೈಲಿನಲ್ಲಿ ಇರಲಿ. ಅಪ್‌ಲೋಡ್ ಮಾಡುವ ಮೊದಲು ಯಾರಾದರೂ ಒಬ್ಬರು ಪೆನ್ ಹಿಡಿದು ಆ ನಾಲ್ಕು ಸಾಲು ಹೊಡೆದುಹಾಕಿದ್ದರೆ ಸಾಕಿತ್ತು.

ಅರ್ಜಿ ಪುರಸ್ಕಾರವಾಯಿತು, ನಾಲ್ಕು ತಿಂಗಳು ಹಿಡಿಯಿತು. ಈಗ ಕೋರ್ಟಿನ ಪ್ರತಿಯಲ್ಲಿ ತಂಗಿಯ ಹೆಸರಿದ್ದ ಕಡೆ ಮೂರು ಎಕ್ಸ್ ಇದೆ. ಖಾಸಗಿ ಸೈಟಿನವರಿಗೆ ಆದೇಶದ ಪ್ರತಿ ಕಳಿಸಿದ ಮೇಲೆ ಅವರೂ ತೆಗೆದರು. ಆ ಸಂಬಂಧ ಮಾತ್ರ ಮುಂದುವರಿಯಲಿಲ್ಲ. ತಂಗಿ ಈಗಲೂ ಮಲಗುವ ಮುಂಚೆ ಒಂದು ಸಲ ತನ್ನ ಹೆಸರು ಹಾಕಿ ನೋಡುತ್ತಾಳೆ. ಇನ್ನೊಂದು ಸೈಟಿನಲ್ಲಿ ಹಳೇ ಪ್ರತಿ ಹಾಗೇ ಇದೆ. ಅವರಿಗೆ ಮೊನ್ನೆ ಮೂರನೇ ಸಲ ಮೇಲ್ ಕಳಿಸಿದ್ದೇನೆ.