ಬುತ್ತಿ ಕಟ್ಟಿಕೊಂಡು ನಾರ್ವೆಗೆ

ಓಸ್ಲೋದಲ್ಲಿ ನಾವು ಮಾಡಿದ ಮೊದಲ ಖರ್ಚು ಎರಡು ಬನ್ನು, ಎರಡು ಕಾಫಿ. 190 ಕ್ರೋನ. ಆಗ ಒಂದು ಕ್ರೋನಕ್ಕೆ ಎಂಟು ರೂಪಾಯಿ ಚಿಲ್ಲರೆ, ಅಂದರೆ ಹತ್ತಿರ ಹತ್ತಿರ 1,600 ರೂಪಾಯಿ. ಅವತ್ತು ಭಾನುವಾರ. ನಾರ್ವೆಯಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, 100 ಚದರ ಮೀಟರಿಗಿಂತ ಚಿಕ್ಕ ಅಂಗಡಿಗಳಿಗೆ ಮಾತ್ರ ತೆರೆಯಲು ಅವಕಾಶ. ಅದು ಗೊತ್ತಿಲ್ಲದೆ ಬೆಳಗ್ಗೆ ಬಂದಿಳಿದಿದ್ದೆವು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬನ್ನು ತಿನ್ನುವಾಗ ತಂಗಿ ಬಿಲ್ಲನ್ನೇ ನೋಡುತ್ತಿದ್ದಳು. "ಅಕ್ಕಾ, ಇನ್ನೂ ಎಂಟು ದಿನ ಇದೆ" ಅಂದಳು.

ಅಷ್ಟೊಂದು ದುಬಾರಿ ಯಾಕೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಎಲ್ಲರೂ ಹೇಳುವ ಹಾಗೆ 1969ರಲ್ಲಿ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು, ದೇಶ ಶ್ರೀಮಂತವಾಯಿತು, ಅದು ಸರಿ. ಆದರೆ ಅಲ್ಲಿ ಓಡಾಡಿದ ಮೇಲೆ ನನಗೆ ಕಂಡಿದ್ದು ಬೇರೆ. ಅಲ್ಲಿ ಮನುಷ್ಯರ ಕೆಲಸಕ್ಕೆ ಬೆಲೆ ಜಾಸ್ತಿ. ಕಾಫಿ ಮಾಡಿಕೊಡುವ ಹುಡುಗಿ, ಹೋಟೆಲಿನ ರೂಮು ಗುಡಿಸುವವರು, ಬಸ್ಸಿನ ಡ್ರೈವರ್, ಎಲ್ಲರೂ ಮರ್ಯಾದೆಯಿಂದ ಬದುಕುವಷ್ಟು ಸಂಬಳ ತಗೊಳ್ಳುತ್ತಾರೆ, ಅದರ ಮೇಲೆ ಸರಕಿಗೆ ಶೇಕಡಾ 25 ತೆರಿಗೆ, ತಿನ್ನುವ ಪದಾರ್ಥಕ್ಕೆ ಶೇಕಡಾ 15. ಹಾಗಾಗಿ ಇನ್ನೊಬ್ಬರ ಕೈ ತಾಗಿದ್ದೆಲ್ಲ ದುಬಾರಿ. ಯಾರ ಕೈಯೂ ತಾಗದ ಬೆಟ್ಟ, ದಾರಿ, ನೀರು, ಕಾಡುಹಣ್ಣು ಎಲ್ಲ ಪುಕ್ಕಟೆ. ನಮ್ಮ ಕೆಲಸ ನಾವೇ ಮಾಡಿಕೊಂಡರೆ ಆ ದೇಶ ನಮ್ಮಂಥವರಿಗೂ ಎಟುಕುತ್ತೆ. ನಮ್ಮ ಇಡೀ ಪ್ರವಾಸ ಇದೊಂದರ ಮೇಲೆ ನಡೆಯಿತು.

ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆವು. ಆಗಸ್ಟಿನ ಪ್ರಯಾಣಕ್ಕೆ ಮಾರ್ಚಿಯಲ್ಲೇ ವಿಮಾನದ ಟಿಕೆಟ್ ತಗೊಂಡೆವು, ಕೊಲ್ಲಿ ದೇಶದಲ್ಲಿ ಇಳಿದು ಬೇರೆ ವಿಮಾನ ಹತ್ತುವಂಥದ್ದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ 90 ಯೂರೋ, ಜೊತೆಗೆ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಕಡ್ಡಾಯ. ಈ ಎರಡರಲ್ಲಿ ಉಳಿಸಲು ಏನೂ ಇಲ್ಲ, ಕೊಡಲೇಬೇಕು. ಉಳಿಸಿದ್ದು ಬ್ಯಾಗಿನಲ್ಲಿ. ಗೊಜ್ಜವಲಕ್ಕಿ ಪುಡಿ, ಅವಲಕ್ಕಿ, ಹುರಿದ ರವೆ, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ಎಲ್ಲಾ ಅಮ್ಮ ಅಳತೆ ಮಾಡಿ ಕಟ್ಟಿಕೊಟ್ಟರು. ತುಪ್ಪ ಮಾತ್ರ ಬಿಟ್ಟೆವು. ನಮ್ಮ ಕಡೆಯಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡುವುದಿಲ್ಲ, ಆಲೂಗಡ್ಡೆಯೂ ಬೇಡ. ಇದನ್ನು ಹೋಗುವವರು ನೆನಪಿಟ್ಟುಕೊಳ್ಳಿ, ಸುಮ್ನೆ ಕಸ್ಟಮ್ಸಿನಲ್ಲಿ ಮುಜುಗರ ಯಾಕೆ. ಚಿಕ್ಕ ಟೆಂಟು, ಎರಡು ಮಲಗುವ ಚೀಲ, ಒಂದು ಪುಟಾಣಿ ಒಲೆ ಇತ್ತು. ಒಲೆಯ ಗ್ಯಾಸ್ ಡಬ್ಬ ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಅಲ್ಲೇ ಕೊಂಡೆವು.

ವಿಮಾನ ನಿಲ್ದಾಣದಿಂದ ಊರಿಗೆ ಬರುವಲ್ಲೇ ಮೊದಲ ಉಳಿತಾಯ. ಫ್ಲೈಟೋಗೆಟ್ ಅಂತ ಒಂದು ವಿಶೇಷ ರೈಲಿದೆ, ಎಲ್ಲಾ ಕಡೆ ಅದರದ್ದೇ ಬೋರ್ಡು. ಅದೇ ಸ್ಟೇಷನ್ನಿನಿಂದ ವೀ ಕಂಪನಿಯ ಮಾಮೂಲಿ ರೈಲು ಹೊರಡುತ್ತೆ, ಮೂರ್ನಾಲ್ಕು ನಿಮಿಷ ಜಾಸ್ತಿ ತಗೊಳ್ಳುತ್ತೆ, ಟಿಕೆಟ್ಟು ಸುಮಾರು ಅರ್ಧ. ಹಾಸ್ಟೆಲಿನಲ್ಲಿ ಒಂದು ಮಂಚಕ್ಕೆ ರಾತ್ರಿಗೆ 420 ಕ್ರೋನ. ಬೆಡ್‌ಶೀಟು, ಟವೆಲಿಗೆ ಬೇರೆ ದುಡ್ಡು, ಅದಕ್ಕೇ ಮನೆಯಿಂದ ತೆಳ್ಳಗಿನ ಹತ್ತಿ ಬೆಡ್‌ಶೀಟು ಒಯ್ದಿದ್ದೆವು. ಅಡುಗೆಮನೆ ಇರುವ ಹಾಸ್ಟೆಲನ್ನೇ ಹುಡುಕಬೇಕು, ಇದು ಬಹಳ ಮುಖ್ಯ. ಗ್ರೋನ್‌ಲಾಂಡ್ ಅನ್ನುವ ಬಡಾವಣೆಯಲ್ಲಿ ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದವರ ಅಂಗಡಿಗಳಿವೆ. ಬೇಳೆ, ಅಕ್ಕಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಎಲ್ಲ ಸಿಕ್ಕಿತು. ಉಳಿದದ್ದು ಕಿವಿ, ರೆಮಾ 1000 ಅನ್ನುವ ಅಗ್ಗದ ದಿನಸಿ ಅಂಗಡಿಗಳಲ್ಲಿ. ರಾತ್ರಿ ಅನ್ನ ಸಾರು ಮಾಡಿದಾಗ ಒಗ್ಗರಣೆ ಘಮಕ್ಕೆ ಪಕ್ಕದ ಒಲೆಯವರು ಬಂದು ಏನಿದು ಅಂತ ಕೇಳಿ, ಒಂದೊಂದು ಲೋಟ ಸಾರು ಕುಡಿದು ಹೋದರು.

ಓಸ್ಲೋದಲ್ಲಿ ಪುಕ್ಕಟೆ ನೋಡುವಂಥದ್ದು ಬೇಕಾದಷ್ಟಿದೆ. 2008ರಲ್ಲಿ ತೆರೆದ ಒಪೆರಾ ಹೌಸಿನ ಇಳಿಜಾರು ಛಾವಣಿ ಹತ್ತಿ ನಡೆಯಬಹುದು. ಶಾಂತಿ ನೊಬೆಲ್ ಕೊಡುವ ಸಿಟಿ ಹಾಲ್ ಒಳಗೂ ಟಿಕೆಟ್ ಇಲ್ಲ. ವಿಗೆಲಾಂಡ್ ಉದ್ಯಾನದಲ್ಲಿ ಒಬ್ಬನೇ ಶಿಲ್ಪಿಯ 200ಕ್ಕೂ ಹೆಚ್ಚು ವಿಗ್ರಹಗಳಿವೆ, ಹಗಲು ರಾತ್ರಿ ತೆರೆದೇ ಇರುತ್ತೆ. ಬಸ್ಸಿಗೆ ತಗೊಂಡ ದಿನದ ಪಾಸಿನಲ್ಲೇ ದೋಣಿಯೂ ಹತ್ತಬಹುದು ಅಂತ ಎರಡನೇ ದಿನ ಗೊತ್ತಾಗಿ ಹೋವೆಡೋಯ ದ್ವೀಪಕ್ಕೆ ಹೋದೆವು. 1147ರಲ್ಲಿ ಕಟ್ಟಲು ಶುರು ಮಾಡಿದ ಮಠದ ಪಾಳುಗೋಡೆಗಳ ಮಧ್ಯೆ ಕೂತು ಗೊಜ್ಜವಲಕ್ಕಿ ತಿಂದೆವು.

ಇನ್ನೊಂದು ಹೇಳಬೇಕು. ಅಲ್ಲಿ ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬಕ್ಕೆ ಠೇವಣಿ ಇದೆ, 'ಪಾಂತ್' ಅಂತಾರೆ. ಚಿಕ್ಕದಕ್ಕೆ 2 ಕ್ರೋನ, ದೊಡ್ಡದಕ್ಕೆ 3. ದಿನಸಿ ಅಂಗಡಿಯ ಮೆಷಿನ್ನಿಗೆ ಖಾಲಿ ಬಾಟಲಿ ಹಾಕಿ ಹಸಿರು ಗುಂಡಿ ಒತ್ತಿದರೆ ಚೀಟಿ ಬರುತ್ತೆ, ಅಷ್ಟು ದುಡ್ಡು ಬಿಲ್ಲಿನಲ್ಲಿ ಕಳೆಯುತ್ತಾರೆ. ನೀರು ಮಾತ್ರ ಕೊಳ್ಳಲೇಬೇಡಿ, ನಲ್ಲಿ ನೀರು ಕೊಡದ ಜಾಗವೇ ಇಲ್ಲ ಮತ್ತು ಅಷ್ಟು ಸಿಹಿ ನೀರು ನಾನು ನಮ್ಮೂರ ಬಾವಿ ಬಿಟ್ಟರೆ ಬೇರೆಲ್ಲೂ ಕುಡಿದಿಲ್ಲ.

ಬುಧವಾರ ಪಶ್ಚಿಮ ಕರಾವಳಿಯ ಬರ್ಗನ್ ಕಡೆಯ ರೈಲು ಹತ್ತಿದೆವು. ಈ ಹಾದಿ ಪೂರ್ತಿಯಾಗಿದ್ದು 1909ರಲ್ಲಿ. ತಿಂಗಳುಗಟ್ಟಲೆ ಮೊದಲೇ ಕೊಂಡರೆ ಅಗ್ಗದ ಸೀಟು ಸಿಗುತ್ತೆ, ಕೊನೆ ವಾರ ನೋಡಿದರೆ ಎರಡು ಪಟ್ಟು. ಕಾಡು ಮುಗಿದು, ಕೆರೆಗಳು ಶುರುವಾಗಿ, ಆಮೇಲೆ ಮರವೇ ಇಲ್ಲದ ಬೋಳು ಪ್ರಸ್ಥಭೂಮಿ ಬಂತು. ಫಿನ್ಸೆ ಅನ್ನುವ ಸ್ಟೇಷನ್ 1,222 ಮೀಟರ್ ಎತ್ತರದಲ್ಲಿದೆ, ಕಿಟಕಿಯಿಂದಲೇ ಹಿಮನದಿ ಕಾಣುತ್ತೆ.

ನಮ್ಮ ಎದುರು ಒಬ್ಬ ಅಜ್ಜ, ಅಜ್ಜಿ. ಒಳ್ಳೆಯ ಉಣ್ಣೆ ಬಟ್ಟೆ, ಅಜ್ಜಿಯ ಕಿವಿಯಲ್ಲಿ ಮುತ್ತು. ನೋಡಿದರೆ ಉಳ್ಳವರು ಅಂತ ಗೊತ್ತಾಗುತ್ತೆ. ಹನ್ನೊಂದೂವರೆಗೆ ಅಜ್ಜಿ ಚೀಲದಿಂದ ಒಂದು ಪೊಟ್ಟಣ ತೆಗೆದರು. ತೆಳು ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಒಂದರ ಮೇಲೊಂದು, ಅಂಟದಿರಲಿ ಅಂತ ಮಧ್ಯೆ ಮಧ್ಯೆ ಚೌಕದ ಕಾಗದ. ಮೇಲೆ ಕಂದು ಬಣ್ಣದ ಚೀಸು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ತಿಂದು, ಕಾಗದವನ್ನು ಮಡಿಸಿ ಮತ್ತೆ ಚೀಲಕ್ಕೆ ಇಟ್ಟರು. ಇದಕ್ಕೆ 'ಮಾತ್‌ಪಾಕೆ' ಅಂತಾರಂತೆ, ಅಂದರೆ ಬುತ್ತಿ. ಶಾಲೆ ಮಕ್ಕಳಿಂದ ಹಿಡಿದು ಆಫೀಸಿನ ದೊಡ್ಡವರ ತನಕ ಮನೆಯಿಂದ ಇದನ್ನೇ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ಡಬ್ಬಿ ತೆಗೆಯಲು ಹಿಂದೆ ಮುಂದೆ ನೋಡುತ್ತಿದ್ದ ತಂಗಿ ನಿರಾಳವಾಗಿ ಅವಲಕ್ಕಿ ಬಿಚ್ಚಿದಳು. ಅಜ್ಜಿ ಒಂದು ಬ್ರೆಡ್ಡು ಕೊಟ್ಟರು, ನಾವು ಚಟ್ನಿಪುಡಿ ಕೊಟ್ಟೆವು. ಆ ಕಂದು ಚೀಸು, ಬ್ರೂನೊಸ್ಟ್, ಹಾಲು ಒಡೆದ ಮೇಲೆ ಉಳಿಯುವ ನೀರನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿ ಮಾಡುವಂಥದ್ದು. ರುಚಿ ತಳ ಹಿಡಿಯುವ ಮುಂಚೆ ಇಳಿಸಿದ ಹಾಲುಕೋವದ ಹಾಗೆ, ಸ್ವಲ್ಪ ಉಪ್ಪು. ಅವತ್ತಿನಿಂದ ದಿನಾ ನಮ್ಮ ಬೆಳಗಿನ ತಿಂಡಿ ಅದೇ.

ಮಿರ್ಡಾಲ್ ಸ್ಟೇಷನ್ನಿನಲ್ಲಿ ಇಳಿದೆವು. ಇಲ್ಲಿಂದ ಕೆಳಗೆ ಕಣಿವೆಯ ಫ್ಲೋಮ್ ಊರಿಗೆ ಹೋಗುವ ಚಿಕ್ಕ ರೈಲು ಜಗತ್ಪ್ರಸಿದ್ಧ. 20 ಕಿಲೋಮೀಟರಿನಲ್ಲಿ 860 ಮೀಟರಿಗೂ ಜಾಸ್ತಿ ಇಳಿಯುತ್ತೆ, 20 ಸುರಂಗ. ನಾವು ಸಕಲೇಶಪುರದವರು, ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನ ಸದ್ದು ಕೇಳಿಕೊಂಡೇ ಬೆಳೆದವರು. ನಮ್ಮ ಘಾಟಿನಲ್ಲಿ 57 ಸುರಂಗ, 50 ಅಡಿ ಮುಂದೆ ಹೋದರೆ ಒಂದಡಿ ಏರು. ಇಲ್ಲಿ 18 ಅಡಿಗೇ ಒಂದಡಿ! ಅದನ್ನು ಹತ್ತಬೇಕು ಅಂತ ಆಸೆ ಇತ್ತು. ಆದರೆ ಒಂದು ಗಂಟೆಯ ಪ್ರಯಾಣಕ್ಕೆ ಇಬ್ಬರಿಗೂ ಸೇರಿ ಕೇಳುವ ದುಡ್ಡಿನಲ್ಲಿ ನಮ್ಮ ನಾಲ್ಕೈದು ದಿನದ ದಿನಸಿ ಬರುತ್ತಿತ್ತು. ಪಕ್ಕದಲ್ಲೇ ಕಾಲುದಾರಿ ಇದೆ. ಬರ್ಗನ್ ರೈಲು ಹಾದಿ ಕಟ್ಟುವಾಗ ಕೂಲಿಗಳು ಸಾಮಾನು ಸಾಗಿಸಲು ಮಾಡಿಕೊಂಡ ರಸ್ತೆ ಅದು, ಆ ಕೂಲಿಗಳನ್ನು 'ರಾಲರ್' ಅನ್ನುತ್ತಿದ್ದರು, ದಾರಿಯ ಹೆಸರೂ ರಾಲರ್‌ವೇಗೆನ್.

ಸಂಜೆಯಾಗಿತ್ತು, ರೈನುಂಗಾ ಕೆರೆಯ ಹತ್ತಿರ ಟೆಂಟು ಹಾಕಿದೆವು. ನಾರ್ವೆಯಲ್ಲಿ 1957ರ ಒಂದು ಕಾನೂನಿದೆ. ಉಳದ, ಬೇಲಿ ಹಾಕದ ಜಾಗದಲ್ಲಿ, ಅದು ಯಾರದ್ದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು, ಮಲಗಬಹುದು. ಮನೆಯಿಂದ 150 ಮೀಟರ್ ದೂರ ಇರಬೇಕು, ಎರಡು ರಾತ್ರಿಗಿಂತ ಜಾಸ್ತಿ ಕೇಳದೆ ಇರಬಾರದು. ಕಣ್ಣಿಗೆ ಕಾಣುತ್ತಿದ್ದ ಒಂದು ಮರದ ಮನೆಯಿಂದ ತಂಗಿ ಹೆಜ್ಜೆ ಎಣಿಸುತ್ತಾ ಬಂದಳು. ಇನ್ನೂರಾಯಿತು, ಇನ್ನೂರೈವತ್ತಾಯಿತು, "ಇರಲಿ ಅಕ್ಕಾ, ಇನ್ನೂ ಸ್ವಲ್ಪ ಆಚೆ ಹೋಗೋಣ" ಅಂದಳು. ಪಾಚಿಯ ಮೇಲೆ ಟೆಂಟು, ಸುತ್ತ ಮೊಣಕಾಲುದ್ದದ ಗಿಡಗಳಲ್ಲಿ ಕಾಡು ಬ್ಲೂಬೆರಿ. ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಹಲ್ಲು, ಬೆರಳ ತುದಿ ಎಲ್ಲ ನೀಲಿ. ರವೆ ಉಪ್ಪಿಟ್ಟು ಮಾಡಿ ತಿಂದೆವು. ರಾತ್ರಿ ಬಹಳ ಚಳಿ, ಇರೋ ಬಟ್ಟೆಯೆಲ್ಲ ಹಾಕಿಕೊಂಡು ಮಲಗಿದೆವು. ಆ ರಾತ್ರಿಯ ಬಾಡಿಗೆ ಸೊನ್ನೆ. ದುಡ್ಡು ಉಳಿದಿದ್ದಕ್ಕಿಂತ, ಯಾರದೋ ದೇಶದ ನೆಲದಲ್ಲಿ ನಮಗೂ ಮಲಗುವ ಹಕ್ಕಿದೆ ಅನ್ನುವುದು ಮನಸ್ಸಿಗೆ ತಟ್ಟಿತು. ಇಬ್ಬರೇ ಹೆಣ್ಣುಮಕ್ಕಳು, ಒಂದು ಕ್ಷಣವೂ ಭಯ ಆಗಲಿಲ್ಲ.

ಬೆಳಗ್ಗೆ ಇಳಿಯಲು ಶುರು ಮಾಡಿದೆವು. ಮೊದಲು 21 ತಿರುವುಗಳ ಕಡಿದಾದ ಇಳುಕಲು, ಜಲ್ಲಿಕಲ್ಲಿನ ರಸ್ತೆ, ಸೈಕಲ್ಲಿನವರೂ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಬ್ಯಾಗಿನ ಭಾರಕ್ಕೆ ಮೊಣಕಾಲು ಕೇಳುವುದಿಲ್ಲ, ಕೋಲು ಇದ್ದರೆ ಒಳ್ಳೆಯದು. ಆಮೇಲೆ ನದಿಯ ಪಕ್ಕದಲ್ಲೇ ಸಮ ದಾರಿ. ಎರಡೂ ಕಡೆ ಬಂಡೆಗಳಿಂದ ನೀರು ಬೀಳುತ್ತಲೇ ಇರುತ್ತೆ, ಮಳೆಗಾಲದ ಶಿರಾಡಿಯ ಹಾಗೆ. ಮೇಡುಗಳಲ್ಲಿ ಮೇಕೆಗಳು. ಚಿಕ್ಕ ರೈಲು ಮೇಲಿಂದ ಒಮ್ಮೆ ಕೆಳಗಿಂದ ಒಮ್ಮೆ ಹಾದು ಹೋಗುವಾಗ ಕಿಟಕಿಯಲ್ಲಿ ಕೂತವರು ಕೈ ಬೀಸುತ್ತಿದ್ದರು. ಅವರು ಒಂದು ಗಂಟೆಯಲ್ಲಿ ನೋಡಿದ್ದನ್ನು ನಾವು ಏಳು ಗಂಟೆ ನೋಡಿದೆವು. ಕೊನೆಯಲ್ಲಿ 1667ರ ಒಂದು ಪುಟ್ಟ ಮರದ ಚರ್ಚು, ಅಲ್ಲಿಂದ ಮುಂದೆ ಫ್ಲೋಮ್. ಅವತ್ತು ಕ್ಯಾಂಪಿಂಗ್ ಜಾಗಕ್ಕೆ ದುಡ್ಡು ಕೊಟ್ಟೇ ಇದ್ದೆವು, ಕಣಿವೆಯಲ್ಲೆಲ್ಲ ಉತ್ತ ಹೊಲ, ಮನೆಗಳು. ಬಿಸಿನೀರಿನ ಸ್ನಾನವೂ ಬೇಕಿತ್ತು.

ಒಂದೇ ಒಂದು ಕಡೆ ನಾವು ಕೈ ಬಿಚ್ಚಿ ಖರ್ಚು ಮಾಡಿದ್ದು ಮರುದಿನದ ದೋಣಿಗೆ. ಫ್ಲೋಮ್‌ನಿಂದ ಗುಡ್ವಾಂಗೆನ್‌ಗೆ ಎರಡು ಗಂಟೆ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ಹಿಮನದಿ ಕೊರೆದ ಕಣಿವೆಗೆ ಉಪ್ಪುನೀರು ತುಂಬಿ ಆಗಿದ್ದು. ನಮ್ಮ ದೋಣಿ ಹೋದ ನ್ಯಾರೋಯ್‌ಫ್ಯೋರ್ಡ್ ಒಂದು ಕಡೆ ಬರೀ 250 ಮೀಟರ್ ಅಗಲ, 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ದೋಣಿ ಬ್ಯಾಟರಿಯದ್ದು, ಸದ್ದೇ ಇಲ್ಲ. ಬಂಡೆಯ ತುದಿಯಿಂದ ಬೀಳುವ ನೀರಿನ ಸದ್ದು ದೋಣಿಯೊಳಗೆ ಕೇಳುತ್ತಿತ್ತು. ಇದೊಂದರಲ್ಲಿ ಜಿಪುಣತನ ಮಾಡಬೇಡಿ. ಬೇಕಾದರೆ ಎರಡು ದಿನ ಬರೀ ಬ್ರೆಡ್ಡು ತಿನ್ನಿ, ದೋಣಿ ಬಿಡಬೇಡಿ.

ಅಲ್ಲಿಂದ ಬಸ್ಸು, ರೈಲು ಹಿಡಿದು ಬರ್ಗನ್. ಮಳೆ. ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಳೆ ಬರುವ ಊರು. ನಮ್ಮ ಆಗುಂಬೆಯಲ್ಲಿ ಇದರ ಮೂರು ಪಟ್ಟು ಸುರಿಯುತ್ತೆ, ಆದರೆ ನಾಲ್ಕು ತಿಂಗಳಲ್ಲಿ ಮುಗಿಯುತ್ತೆ. ಇಲ್ಲಿ ಹನ್ನೆರಡು ತಿಂಗಳೂ ಜಿಟಿಜಿಟಿ. ಬ್ರಿಗ್ಗೆನ್‌ನ ಹಳೆಯ ಮರದ ಅಂಗಡಿ ಸಾಲು 1702ರ ಬೆಂಕಿಯ ನಂತರ ಮತ್ತೆ ಹಿಂದಿನ ಹಾಗೇ ಕಟ್ಟಿದ್ದು, ಓಣಿಯೊಳಗೆ ಹೋದರೆ ಒದ್ದೆ ಮರದ ವಾಸನೆ, ನಮ್ಮ ಹಳೇ ಅಡಿಕೆ ಅಟ್ಟದ ನೆನಪು. ಮೀನು ಮಾರುಕಟ್ಟೆಯ ರೇಟು ಕೇಳಿ ಮುಂದೆ ಹೋದೆವು. ಫ್ಲೋಯೆನ್ ಬೆಟ್ಟಕ್ಕೆ ಕೇಬಲ್ ಎಳೆಯುವ ರೈಲಿದೆ, ನಾವು ಒಂದು ಗಂಟೆ ನಡೆದು ಹತ್ತಿದೆವು. ಮೇಲೆ ಮೋಡ ಸರಿದಾಗ ಕೆಳಗೆ ಊರು, ಬಂದರು, ಏಳು ಬೆಟ್ಟ ಎಲ್ಲ ಐದು ನಿಮಿಷ ಕಂಡವು, ಮತ್ತೆ ಮುಚ್ಚಿಕೊಂಡವು. ಕೊನೆಯ ಚಿಟಿಕೆ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಉದುರಿಸಿ ಅಲ್ಲೇ ಮರದಡಿ ನಿಂತು ತಿಂದೆವು.

ವಿಮಾನ, ವೀಸಾ, ವಿಮೆಯಿಂದ ಹಿಡಿದು ಅಲ್ಲಿನ ಊಟ, ವಸತಿ, ಓಡಾಟದ ತನಕ ಎಲ್ಲಾ ಸೇರಿ ಒಬ್ಬರಿಗೆ 1,30,000 ರೂಪಾಯಿ ಆಯಿತು. ಅದರಲ್ಲಿ ಅರ್ಧದಷ್ಟು ವಿಮಾನಕ್ಕೇ. ಟೆಂಟು, ಮಲಗುವ ಚೀಲ ಮೊದಲೇ ಇದ್ದವು. ನೆನಪಿಗೆ ಅಂತ ಒಂದೇ ಸಾಮಾನು ತಂದಿದ್ದು, ಬರ್ಗನ್ನಿನ ದಿನಸಿ ಅಂಗಡಿಯಲ್ಲಿ ಸಿಕ್ಕ ಚೀಸು ಹೆರೆಯುವ ಸಟ್ಟುಗ. 1925ರಲ್ಲಿ ಲಿಲ್ಲೆಹಾಮರ್ ಊರಿನ ಒಬ್ಬ ಬಡಗಿ ತನ್ನ ಉಜ್ಜುಗೊರಡನ್ನು ನೋಡಿ ಮಾಡಿದ್ದಂತೆ, ಅಲ್ಲಿ ಪ್ರತಿ ಮನೆಯಲ್ಲೂ ಇರುತ್ತೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಸೌತೆಕಾಯಿ ತಗೊಂಡು ಹೆರೆದರು. ಕಾಗದದಷ್ಟು ತೆಳ್ಳಗೆ ಬಂತು. "ಕೋಸಂಬರಿಗೆ ಚೆನ್ನಾಗಿದೆ ಕಣೇ" ಅಂದರು. ಈಗ ಅದು ಈಳಿಗೆ ಮಣೆ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ.