ಪೈಪು, ಮ್ಯಾಗ್ನೆಟ್ಟು, ಮತ್ತೆ ನಮ್ ಫಿಸಿಕ್ಸ್ ಲ್ಯಾಬು

ಕಾಲೇಜ್ ಮ್ಯಾಗಜೀನ್‌ಗೆ ಏನಾದ್ರೂ ಬರ್ಕೊಡಿ ಅಂದ್ರು. ಕ್ಯಾಂಟೀನು, ಬಂಕು ಎಲ್ಲಾ ಬೇರೆಯವ್ರು ಬರೀತಾರೆ ಬಿಡಿ, ನಂಗೆ ನೆನಪಿರೋದು ಫೈನಲ್ ಇಯರ್ ಪ್ರಾಜೆಕ್ಟೇ.

ನಮ್ ಸರ್‌ಗೆ ರಾಮನ್ ಅಂದ್ರೆ ಹುಚ್ಚು. 1935-36ರಲ್ಲಿ ಇದೇ ಬೆಂಗಳೂರಲ್ಲಿ ಕೂತು ರಾಮನ್ ಮತ್ತೆ ನಾಗೇಂದ್ರನಾಥ್, ದ್ರವದಲ್ಲಿ ಹರಿಯೋ ಅಲ್ಟ್ರಾಸೌಂಡು ಬೆಳಕಿಗೆ ಗ್ರೇಟಿಂಗ್ (ಅಂದ್ರೆ ಸಮ ಅಂತರದ ಗೆರೆಗಳ ಜಾಲರಿ) ಆಗತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ರಲ್ಲ, ಅದನ್ನ ಪಾಠ ಮಾಡ್ತಾ ಮಾಡ್ತಾ ಒಂದಿನ, ಸದ್ದಿಗೇ ಒಂದು ಗ್ರೇಟಿಂಗ್ ಕಟ್ತೀರೇನ್ರೋ ಅಂದ್ರು. ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೊ ಸೆಂಪೆರೆ ಅನ್ನೋರ ಶಿಲ್ಪ ಇದೆಯಂತೆ, 10 ಸೆಂ.ಮೀ. ಅಂತರದಲ್ಲಿ ನಿಲ್ಸಿರೋ ಸ್ಟೀಲ್ ಪೈಪುಗಳು, 1995ರಲ್ಲಿ ಅಳೆದು ನೋಡಿದ್ರೆ 1670 ಹರ್ಟ್ಜ್ ಹತ್ರ ಸದ್ದು ಕುಗ್ಗಿತ್ತು.

ಎಸ್.ಪಿ. ರೋಡ್ ಸುತ್ತಾಡಿ ಪೈಪು, ಸ್ಪೀಕರ್ ತಂದ್ವಿ, ಪ್ಲೈವುಡ್‌ಗೆ ತೂತು ಕೊರೆದು ಅದೇ ಅಂತರದಲ್ಲಿ ನಿಲ್ಸಿದ್ವಿ. ಒಂದ್ ಕಡೆ ಸ್ಪೀಕರ್, ಇನ್ನೊಂದ್ ಕಡೆ ಮೈಕು. ಟೋನ್ ಮೆಲ್ಲಗೆ ಏರಿಸ್ತಾ ಹೋದ್ರೆ 1700ರ ಆಸುಪಾಸಲ್ಲಿ ಸ್ಕ್ರೀನ್ ಮೇಲಿನ ಗೆರೆ ಧೊಪ್ ಅಂತ ಕುಸಿಯೋದು, ದಾಟಿದ್ರೆ ಮತ್ತೆ ವಾಪಸ್. ಅರ್ಧ ತರಂಗಾಂತರ ಪೈಪಿನ ಅಂತರಕ್ಕೆ ಸಮ ಆದ್ರೆ ಒಂದೊಂದ್ ಸಾಲಿಂದ ವಾಪಸ್ ಬರೋ ಅಲೆಗಳೆಲ್ಲ ಕೂಡ್ಕೊಂಡು ಮುಂದೆ ಬಿಡಲ್ಲ, ಅಷ್ಟೇ. ಅಂತರ 8 ಸೆಂ.ಮೀ. ಮಾಡಿದ್ರೆ ಅದೇ ಕುಸಿತ 2100 ದಾಟಿ ಹೋಗತ್ತೆ.

ಸರ್ ನೋಡಿದ್ರು, ತಲೆ ಆಡಿಸಿದ್ರು, "ಸರಿ, ಈಗ ಪೈಪ್ ಮುಟ್ಟದೇ ಆ ಕುಸಿತನ ಸರಿಸಿ" ಅಂದ್ರು!

ಅಸಲಿ ಮಜಾ ಶುರುವಾಗಿದ್ದೇ ಅಲ್ಲಿಂದ. ಹೊರಗಿಂದ ಕರೆಂಟೋ, ಬಿಸಿಯೋ, ಮ್ಯಾಗ್ನೆಟ್ಟೋ ಕೊಟ್ರೆ ತನ್ನ ಗುಣ ಬದಲಾಯಿಸ್ಕೊಳೋ ವಸ್ತು ಬೇಕು. ನಿಟಿನಾಲ್ ಅನ್ನೋ ನಿಕಲ್-ಟೈಟೇನಿಯಂ ಮಿಶ್ರಲೋಹ ಬಿಸಿ ಮಾಡಿದ್ರೆ ಗಟ್ಟಿಯಾಗತ್ತೆ, ಆದ್ರೆ ಆರೋಕೆ ಕಾಯ್ಬೇಕು. ಪೀಜೋ, ಅಂದ್ರೆ ವೋಲ್ಟೇಜ್ ಕೊಟ್ರೆ ಹಿಗ್ಗಿ ಕುಗ್ಗೋ ವಸ್ತು, ಫಾಸ್ಟು, ಸರ್ಕ್ಯೂಟ್ ಕೆಲಸ ಜಾಸ್ತಿ. ನಾವು ಹಿಡಿದಿದ್ದು ಸಿಲಿಕೋನ್ ರಬ್ಬರ್‌ಗೆ ಕಬ್ಬಿಣದ ಪುಡಿ ಕಲಸೋ ದಾರಿ. ಆ ರಬ್ಬರ್ ಮೇಲೆ ಒಂದು ಲೋಹದ ತುಂಡು ಕೂರಿಸಿದ್ರೆ ಸ್ಪ್ರಿಂಗ್ ಮೇಲಿನ ತೂಕದ ಥರ ತನ್ನದೇ ಫ್ರೀಕ್ವೆನ್ಸಿಲಿ ಅಲ್ಲಾಡತ್ತೆ, ಆ ಫ್ರೀಕ್ವೆನ್ಸಿ ಹತ್ರದ ಸದ್ದನ್ನೇ ತಡೆಯತ್ತೆ. ಇದ್ರಲ್ಲಿ ಅಂತರದ ಹಂಗಿಲ್ಲ. ಇಲ್ದಿದ್ರೆ ಬಸ್ಸಿನ 100 ಹರ್ಟ್ಜ್ ಗುಂಯ್ ತಡೆಯೋಕೆ 1.7 ಮೀಟರ್‌ಗೊಂದು ಕಂಬ, ಅದೂ ಸಾಲುಸಾಲು, ನಮ್ ಕಾಂಪೌಂಡಲ್ಲಿ ಬೈಕ್ ನಿಲ್ಸೋಕೇ ಜಾಗ ಇಲ್ಲ. 2000ದಲ್ಲಿ ಹಾಂಗ್‌ಕಾಂಗ್‌ನೋರು ರಬ್ಬರ್ ಸುತ್ತಿದ ಸೀಸದ ಗುಂಡುಗಳಿಂದ 400 ಹರ್ಟ್ಜ್ ತಡೆದಿದ್ರು, ನಮಗೆ ಅದೇ ಧೈರ್ಯ.

ಮ್ಯಾಗ್ನೆಟ್ ಹತ್ರ ತಂದ್ರೆ ರಬ್ಬರ್ ಬಿಗಿಯಾಗಿ ಗೆರೆಯಲ್ಲಿನ ಗುಂಡಿ ಮೇಲಕ್ಕೆ ಸರೀತು, ಆದ್ರೆ ಸ್ವಲ್ಪ. ಯಾಕಂದ್ರೆ ಫ್ರೀಕ್ವೆನ್ಸಿ ಏರೋದು ಬಿಗಿಯ ವರ್ಗಮೂಲದ ಲೆಕ್ಕದಲ್ಲಿ, ಬಿಗಿ 20% ಏರಿದ್ರೂ ಫ್ರೀಕ್ವೆನ್ಸಿ ಏರೋದು 10% ಒಳಗೇ. ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗೆ ಇದು ಸಪ್ಪೆ ಅನ್ನಿಸ್ತು, ಮಾರ್ಕ್ಸಲ್ಲೂ ಗೊತ್ತಾಯ್ತು. ನನ್ ಪ್ರಕಾರ ಇಡೀ ಪ್ರಾಜೆಕ್ಟಲ್ಲಿ ಅದೇ ಒಳ್ಳೇ ಗ್ರಾಫು.

ಈಗಿನ ಹುಡುಗ್ರು ಯಾರಾದ್ರೂ ಮಾಡೋದಾದ್ರೆ, ರಬ್ಬರ್ ಸೆಟ್ ಆಗೋ ಮುಂಚೆನೇ ಕೆಳಗೆ ಮ್ಯಾಗ್ನೆಟ್ ಇಟ್ಬಿಡಿ, ಪುಡಿ ಸರಪಳಿ ಥರ ನಿಂತ್ಕೊಳತ್ತೆ, ಎಫೆಕ್ಟ್ ಜಾಸ್ತಿ ಸಿಗತ್ತೆ. ಮತ್ತೆ ಮೊಬೈಲು, ಎಟಿಎಂ ಕಾರ್ಡು ಆ ಟೇಬಲ್ ಹತ್ರ ತರಬೇಡಿ.