ಅಕ್ಕಾ, ಅಲ್ಲಿ ನಮ್ಮ ಕೈಕೆಲಸಕ್ಕೆ ಬೆಲೆ ಇದೆಯಾ?

ಗುಬ್ಬಿ, ನಿಟ್ಟೂರು, ತುಮಕೂರು ಕಡೆಯ ಹೆಣ್ಣುಮಕ್ಕಳು ನನಗೆ ವಾಟ್ಸಾಪ್‌ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ನನಗೆ ಹೊಲಿಗೆ ಚೆನ್ನಾಗಿ ಬರುತ್ತೆ. ಮದುವೆಯಾಗಿ ಅಮೆರಿಕಾಕ್ಕೆ ಬಂದರೆ ಅಲ್ಲಿ ಕೆಲಸ ಸಿಗುತ್ತಾ?" ಭರತನಾಟ್ಯ ಕಲಿತವರು ಕೇಳುವುದೂ ಇದನ್ನೇ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಸಿಗುತ್ತೆ. ಆದರೆ ಕಸುಬು ಬಂದರಷ್ಟೇ ಸಾಲದು. ನಮ್ಮ ಹೆಂಗಸರಿಗೆ ಇಲ್ಲಿ ಅಡ್ಡ ಬರುವುದು ಎರಡು. ಒಂದು ವೀಸಾ. ಇನ್ನೊಂದು, ಮಾಡಿದ ಕೆಲಸಕ್ಕೆ ದುಡ್ಡು ಕೇಳಲು ನಮಗೇ ಇರುವ ಸಂಕೋಚ.

ನಾನು ನ್ಯೂಯಾರ್ಕ್‌ನಲ್ಲಿ ನಾಟಕದ ಬಟ್ಟೆ ಹೊಲಿಯುವ ವರ್ಕ್‌ಶಾಪ್‌ನಲ್ಲಿದ್ದೇನೆ. ಬ್ರಾಡ್‌ವೇ ಅಂತ ಕೇಳಿರುತ್ತೀರಲ್ಲ, 41 ದೊಡ್ಡ ರಂಗಮಂದಿರಗಳು. ಹೆಚ್ಚಿನವು ಟೈಮ್ಸ್ ಸ್ಕ್ವೇರ್ ಸುತ್ತಮುತ್ತಲೇ ಇವೆ. ಸಾಮಾನ್ಯವಾಗಿ ಒಂದು ನಾಟಕ ವಾರಕ್ಕೆ 8 ಪ್ರದರ್ಶನ ಕಾಣುತ್ತೆ. ಚೆನ್ನಾಗಿ ಓಡಿದರೆ ವರ್ಷಗಟ್ಟಲೆ. ಅಷ್ಟೂ ದಿನ ಬೆವರು, ಕುಣಿತ, ಎಳೆದಾಟ ಎಲ್ಲ ತಡೆಯುವ ಬಟ್ಟೆ ಬೇಕು.

ಕೆಲಸಕ್ಕೆ ಸೇರುವ ಮುಂಚೆ ಒಂದು ಮೇಲಂಗಿ ಹೊಲಿದು ತೋರಿಸು ಅಂದರು. ಅಮ್ಮ ಊರಲ್ಲಿ ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಧಾರಾಳವಾಗಿ ಮಾರ್ಜಿನ್ ಬಿಟ್ಟು, ಸಾಲಾಗಿ ಎರಡು ಮೂರು ಹೊಲಿಗೆ ಹಾಕುತ್ತಿದ್ದರು. ಬಾಣಂತನ ಮುಗಿದ ಮೇಲೆ ಒಂದು ಹೊಲಿಗೆ ಬಿಚ್ಚಿದರೆ ಅದೇ ಬ್ಲೌಸ್ ಹಿಡಿಸುತ್ತಿತ್ತು. ನಾನೂ ಹಾಗೇ ಹೊಲಿದೆ. ಮೇಲ್ವಿಚಾರಕಿ ಅಂಗಿಯನ್ನು ತಿರುವಿ ಹಾಕಿ ಒಳಮೈ ಪೂರ್ತಿ ನೋಡಿದರು. ಮಾರ್ಜಿನ್ ಮೇಲೆ ಬೆರಳಾಡಿಸಿದರು. ಹೊರಮೈ ಕಡೆ ಹೆಚ್ಚು ನೋಡಲೇ ಇಲ್ಲ. ರೆಡಿಮೇಡ್ ಬಟ್ಟೆಯಲ್ಲಿ ಅಷ್ಟು ಮಾರ್ಜಿನ್ ಯಾರೂ ಬಿಡಲ್ಲ. ನಾಟಕದ ಬಟ್ಟೆಗೆ ಅದು ಬೇಕೇ ಬೇಕು. ಇವತ್ತು ಪಾತ್ರ ಮಾಡುವವಳು ಬಿಟ್ಟು ಹೋದರೆ ನಾಳೆ ಬರುವವಳ ಅಳತೆಗೆ ಅದನ್ನೇ ಬಿಚ್ಚಿ ಹೊಲಿಯಬೇಕಲ್ವಾ?

ಕಲಿಯುವುದು ಬೇರೆಯೂ ಬೇಕಾದಷ್ಟಿತ್ತು. ಕೆಲವು ಸಲ ಪಾತ್ರಧಾರಿ ಪರದೆ ಹಿಂದೆ ನಿಂತ ನಿಲುವಿನಲ್ಲೇ ಬಟ್ಟೆ ಬದಲಿಸಬೇಕಾಗುತ್ತೆ. ಅಂಥ ಅಂಗಿಗೆ ಕಾಜಾ ಇರಲ್ಲ. ಗುಂಡಿಗಳನ್ನು ಮೇಲೆ ಸುಮ್ನೆ ಹೊಲಿದಿರುತ್ತಾರೆ, ಅಡಿಯಲ್ಲಿ ಇರುವುದು ಟಿಚ್ ಬಟನ್. ಎಳೆದರೆ ಪಟಪಟ ಬಿಚ್ಚಿಕೊಳ್ಳುತ್ತೆ. ಒಗೆಯಲಾಗದ ಬಟ್ಟೆಯ ಬೆವರಿನ ವಾಸನೆ ಹೋಗಲು ವೋಡ್ಕಾಗೆ ನೀರು ಬೆರೆಸಿ ಸಿಂಪಡಿಸುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದರೆ ಅಮ್ಮ ನಂಬಲಿಲ್ಲ.

ನನ್ನ ಮೇಜಿನ ಅಕ್ಕಪಕ್ಕ ಇರುವವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ಹೊರದೇಶದಿಂದ ಬಂದವರು. ಈಕ್ವೆಡಾರ್‌ನಿಂದ ಬಂದ ಒಬ್ಬರು ಮಣಿ ಪೋಣಿಸುವುದನ್ನು ನೋಡಿದರೆ ಕಣ್ಣು ಕೀಳಲಾಗಲ್ಲ. ಈ ಊರಿನ ಬಟ್ಟೆ ಉದ್ಯಮ ನಿಂತಿರುವುದೇ ಇಂಥವರ ಕೈಮೇಲೆ. ಅದಕ್ಕೆ ಅವರು ಕೊಟ್ಟ ಬೆಲೆ ಸಣ್ಣದಲ್ಲ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ ಹಾಕಿದ್ದರು. ಸತ್ತವರು 146 ಜನ. ಅವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಮತ್ತು ಯಹೂದಿ ಮನೆತನದ ಹುಡುಗಿಯರು. 1982ರಲ್ಲಿ ಇಲ್ಲಿನ ಚೈನಾಟೌನ್‌ನ ಸುಮಾರು 20,000 ಗಾರ್ಮೆಂಟ್ಸ್ ಕೆಲಸಗಾರರು ಮುಷ್ಕರಕ್ಕೆ ಬೀದಿಗಿಳಿದರು, ಬಹುತೇಕ ಎಲ್ಲರೂ ಚೀನಾ ಮೂಲದ ಹೆಂಗಸರು. ಇವತ್ತು ರಂಗಮಂದಿರದೊಳಗೆ ಬಟ್ಟೆ ನೋಡಿಕೊಳ್ಳುವವರಿಗೆ ಲೋಕಲ್ 764 ಎಂಬ ಕಾರ್ಮಿಕ ಸಂಘವಿದೆ. ವಸ್ತ್ರವಿನ್ಯಾಸ ಮಾಡುವವರಿಗೆ ಲೋಕಲ್ 829. ಸಂಬಳ, ಓಟಿ, ಆರೋಗ್ಯ ವಿಮೆ ಎಲ್ಲ ಸಂಘದ ಒಪ್ಪಂದದ ಮೇಲೆ ನಡೆಯುತ್ತೆ. ಊರಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಕತ್ತಲಲ್ಲೇ ಬಸ್ ಹತ್ತುವ ನಮ್ಮ ಅಕ್ಕತಂಗಿಯರಿಗೂ ಇದು ಗೊತ್ತಿರಬೇಕು ಅಂತ ನನಗೆ ಜೋರಾಗಿ ಅನಿಸುತ್ತೆ.

ಮುಂದೆ ಬಂದವರೂ ಇದ್ದಾರೆ. ವೆನೆಜುವೆಲಾದ ಕ್ಯಾರಕಾಸ್‌ನಲ್ಲಿ ಹುಟ್ಟಿದ ವಸ್ತ್ರವಿನ್ಯಾಸಕಿ ಕ್ಯಾರೊಲಿನಾ ಹೆರೆರಾ ನ್ಯೂಯಾರ್ಕ್‌ನಲ್ಲಿ ತಮ್ಮ ಉಡುಪುಗಳ ಮೊದಲ ಸಂಗ್ರಹ ತೋರಿಸಿದ್ದು 1981ರಲ್ಲಿ, ನಲವತ್ತು ದಾಟಿದ ಮೇಲೆ. ಆದರೆ ಅವರು ದೊಡ್ಡ ಮನೆತನದವರು. ನನ್ನ ಮನಸ್ಸಿಗೆ ಹತ್ತಿರದವರು ಬಾರ್ಬರಾ ಕರಿನ್‌ಸ್ಕಾ. ಉಕ್ರೇನಿನ ಖಾರ್ಕಿವ್‌ನಲ್ಲಿ 1886ರಲ್ಲಿ ಹುಟ್ಟಿದವರು. ದೇಶ ಬಿಟ್ಟು ಪ್ಯಾರಿಸ್ ಸೇರಿದರು. ಬ್ಯಾಲೆ ಕಂಪನಿಗೆ ಬಟ್ಟೆ ಹೊಲಿಯುವ ಕೆಲಸ ಹಿಡಿದಾಗ ಅವರಿಗೂ ನಲವತ್ತು ದಾಟಿತ್ತು. ಆಮೇಲೆ ಅಮೆರಿಕಾ. 1948ರ ಜೋನ್ ಆಫ್ ಆರ್ಕ್ ಚಿತ್ರದ ಬಟ್ಟೆಗಳಿಗೆ ಆಸ್ಕರ್ ಹಂಚಿಕೊಂಡರು. ಆದರೆ ಹೊಲಿಯುವವರು ಅವರನ್ನು ನೆನೆಯುವುದು ಅದಕ್ಕಲ್ಲ. ನರ್ತಕಿಯರ ರವಿಕೆಯ ತುಂಡುಗಳನ್ನು ಅವರು ಬಟ್ಟೆಯ ಓರೆಗೆ ಕತ್ತರಿಸಿದರು. ನಮ್ಮ ಟೈಲರ್‌ಗಳು ಕ್ರಾಸ್ ಕಟಿಂಗ್ ಅಂತಾರಲ್ಲ, ಅದೇ. ಬಟ್ಟೆ ಮೈಗೆ ಅಂಟಿಕೊಂಡೇ ಇರುತ್ತೆ, ಆದರೂ ಉಸಿರು ತೆಗೆದುಕೊಂಡಾಗ ಹಿಗ್ಗುತ್ತೆ. ಕುಣಿಯುವವಳ ಎದೆಗೂಡನ್ನು ನೆನೆದು ಕತ್ತರಿ ಹಿಡಿದ ಹೆಂಗಸು ಅವರು.

ನೃತ್ಯದ ಕಡೆಗೆ ಬಂದರೆ, ಮದರಾಸಿನಲ್ಲಿ ಹುಟ್ಟಿದ ಶೋಭನಾ ಜಯಸಿಂಗ್ 1988ರಲ್ಲಿ ಲಂಡನ್‌ನಲ್ಲಿ ತಮ್ಮದೇ ತಂಡ ಕಟ್ಟಿದರು. ರಾಣಿ ರಾಮಸ್ವಾಮಿ 1992ರಲ್ಲಿ ಅಮೆರಿಕಾದ ಮಿನಿಯಾಪೊಲಿಸ್‌ನಲ್ಲಿ ರಾಗಮಾಲಾ ಎಂಬ ನೃತ್ಯತಂಡ ಶುರು ಮಾಡಿದರು. ಈಗ ಮಗಳಂದಿರೂ ಅದರಲ್ಲಿದ್ದಾರೆ. ಇವರು ಸಂಕ್ರಾಂತಿ, ದೀಪಾವಳಿ ಕಾರ್ಯಕ್ರಮಕ್ಕಷ್ಟೇ ನಿಲ್ಲಲಿಲ್ಲ. ಟಿಕೆಟ್ ಕೊಂಡು ಬರುವ ಪ್ರೇಕ್ಷಕರ ಮುಂದೆ ನಿಂತರು.

ರಂಗದ ಮೇಲೆ ನಿಂತು ಹೆಂಗಸು ದುಡಿಯುವುದು ಗುಬ್ಬಿಯವರಾದ ನಮಗೆ ಹೊಸದೇನಲ್ಲ. 1884ರಲ್ಲಿ ಶುರುವಾದ ನಮ್ಮೂರಿನ ನಾಟಕ ಕಂಪನಿಯಲ್ಲಿ ಬಿ. ಜಯಮ್ಮನವರು ಹೆಸರು ಮಾಡಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ಆದರೂ ಮಗಳು ನಾಟಕ ಸೇರುತ್ತೇನೆ ಅಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಮೌನ. ಇದು ನನಗೆ ನೋವು ಕೊಡುತ್ತೆ.

ಈಗ ವೀಸಾ ವಿಷಯ. ಗಂಡ ಎಚ್-1 ಎಂಬ ಕೆಲಸದ ವೀಸಾದಲ್ಲಿದ್ದರೆ ಅವನ ಜೊತೆ ಬರುವ ಹೆಂಡತಿಗೆ ಸಿಗುವುದು ಎಚ್-4 ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಮನೆಯಲ್ಲಿ ಕೂತು ಬ್ಲೌಸ್ ಹೊಲಿದು, ಪಕ್ಕದ ಮನೆ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಟ್ಟು ದುಡ್ಡು ತೆಗೆದುಕೊಂಡರೂ ಕಾನೂನಿನ ಪ್ರಕಾರ ತಪ್ಪು. 2015ರ ಮೇ 26ರಿಂದ ಒಂದು ದಾರಿ ತೆರೆಯಿತು. ಗಂಡನ ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿಯಲ್ಲಿ ಐ-140 ಎಂಬ ಹಂತಕ್ಕೆ ಮಂಜೂರಾತಿ ಸಿಕ್ಕಿದ್ದರೆ ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೂ ಓದಲು ಅಡ್ಡಿಯಿಲ್ಲ. ನಾನು ಪ್ಯಾಟರ್ನ್ ಮೇಕಿಂಗ್, ಅಂದರೆ ಬಟ್ಟೆ ಕತ್ತರಿಸಲು ಅಳತೆಯ ಕಾಗದದ ಮಾದರಿ ಮಾಡುವುದನ್ನು, ಕಲಿತಿದ್ದು ಆ ಕಾಯುವ ಕಾಲದಲ್ಲೇ. ನ್ಯೂಯಾರ್ಕ್‌ನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ 1944ರಿಂದ ಇದೆ, ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಈ ರಾಜ್ಯದಲ್ಲೇ ನೆಲೆಸಿದವರಿಗೆ ಫೀಸು ಕಡಿಮೆ. ಗಂಡನ ಆಸರೆಯಿಲ್ಲದೆ ಕಲಾವಿದೆಯಾಗಿಯೇ ಬರುವವರಿಗೆ ಓ-1 ಎಂಬ ವೀಸಾ ಇದೆ, ಒಮ್ಮೆಗೆ 3 ವರ್ಷದವರೆಗೆ.

ಇನ್ನು ದುಡ್ಡಿನ ಮಾತು. ನನಗೆ ಪರವಾನಗಿ ಬಂದ ಮೇಲೆ ಇಲ್ಲಿನ ಕನ್ನಡಿಗರದೇ ಒಂದು ಸಂಘದವರು ಮಕ್ಕಳ ನಾಟಕಕ್ಕೆ ಬಟ್ಟೆ ಹೊಲಿದುಕೊಡಿ ಅಂದರು. ಸಭಾಂಗಣಕ್ಕೆ ಬಾಡಿಗೆ ಕೊಟ್ಟರು, ಊಟದವರಿಗೆ ಕೊಟ್ಟರು, ಸೌಂಡ್ ಸಿಸ್ಟಮ್‌ಗೆ ಕೊಟ್ಟರು. ನನ್ನ ಸರದಿ ಬಂದಾಗ "ನಮ್ಮೋರೇ ಅಲ್ವಾ, ಕನ್ನಡದ ಸೇವೆ" ಅಂದರು. ಒಂದು ಶಾಲು ಹೊದಿಸಿದರು. ಡ್ಯಾನ್ಸ್ ಹೇಳಿಕೊಟ್ಟ ತಂಗಿಗೂ ಅದೇ ಶಾಲು. ಕನ್ನಡದ ಮೇಲೆ ನಮಗೆ ಪ್ರೀತಿ ಇಲ್ಲದೆ ಏನಿಲ್ಲ. ಆದರೆ ರಾತ್ರಿಯೆಲ್ಲ ಕೂತು ಹೊಲಿದದ್ದೂ ಕೆಲಸವೇ. ಈಗ ನಾನು ಮೊದಲೇ ಎಸ್ಟಿಮೇಟ್ ಕಳಿಸುತ್ತೇನೆ. ಬಟ್ಟೆಗಿಷ್ಟು, ಮಜೂರಿಗಿಷ್ಟು, ಅಡ್ವಾನ್ಸ್ ಇಷ್ಟು. ಕೆಲವರು ಮುಖ ತಿರುಗಿಸಿದರು. ಉಳಿದವರು ಕೊಟ್ಟರು. ಹೊಸದಾಗಿ ಪರವಾನಗಿ ಸಿಕ್ಕವರಿಗೆ ನಾನು ಮೊದಲು ಹೇಳಿಕೊಡುವುದು ಈ ಎಸ್ಟಿಮೇಟ್ ಬರೆಯುವುದನ್ನೇ.

ಊರಲ್ಲಿರುವಾಗಲೇ ನೀವು ಮಾಡಬಹುದಾದ್ದೊಂದು ಇದೆ. ಮಾಡಿದ ಕೆಲಸಕ್ಕೆ ದಾಖಲೆ ಇಟ್ಟುಕೊಳ್ಳಿ. ಓ-1ಗೆ ಪತ್ರಿಕೆಯ ವರದಿ, ಪ್ರಶಸ್ತಿ, ಕರಾರು ಪತ್ರ, ಹೆಸರು ಅಚ್ಚಾದ ಕಾಗದ ಎಲ್ಲ ಕೇಳುತ್ತಾರೆ. ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡಿಸುತ್ತಾರಲ್ಲ, ಅದರ ಕರಪತ್ರ ನೋಡಿ. ಹಾರ್ಮೋನಿಯಂ ಮೇಷ್ಟ್ರು, ಡ್ರಾಮಾ ಸೀನರಿಯವರು, ದುಡ್ಡು ಕೊಟ್ಟವರು, ಎಲ್ಲರ ಹೆಸರೂ ಇರುತ್ತೆ. ದ್ರೌಪದಿಯ ರವಿಕೆ ಹೊಲಿದವಳ ಹೆಸರು ಇರಲ್ಲ. ಇಲ್ಲಿ ಪ್ರೇಕ್ಷಕರಿಗೆ ಹಂಚುವ ಪುಸ್ತಿಕೆಯಲ್ಲಿ ಬಟ್ಟೆ ತೊಡಿಸುವವರ ಹೆಸರೂ ಅಚ್ಚಾಗಿರುತ್ತೆ. ಮುಂದಿನ ಸಲ ನಿಮ್ಮೂರಿನ ನಾಟಕಕ್ಕೆ ಹೊಲಿದರೆ "ವಸ್ತ್ರಾಲಂಕಾರ" ಅಂತ ಹಾಕಿ ನಿಮ್ಮ ಹೆಸರು ಅಚ್ಚು ಮಾಡಿಸಲು ಹೇಳಿ. ಒಂದು ಪ್ರತಿ ಎತ್ತಿಡಿ, ಹೊಲಿದ ಬಟ್ಟೆಯ ಒಳಮೈ ಹೊರಮೈ ಎರಡರ ಫೋಟೋನೂ ಇಟ್ಟುಕೊಳ್ಳಿ.

ಕೋರ್ಸಿನ ಬಗ್ಗೆ ಕೇಳಬೇಕಿದ್ದರೆ ಭಾನುವಾರ ಸಂಜೆ ಫೋನ್ ಮಾಡಿ. ನನಗೆ ಆಗ ಬೆಳಿಗ್ಗೆ, ಕೆಲಸಕ್ಕೆ ರಜೆ. ನಿಧಾನವಾಗಿ ಮಾತಾಡಬಹುದು.